ಬೇಕಂತಲೇ

ಮಗ ಅಪ್ಪನನ್ನು ಕೊರಳಪಟ್ಟಿ ಹಿಡಿದು ನನ್ನ ಪರೀಕ್ಷೆಯ ಕೋಣೆಗೆ ಎಳೆದುಕೊಂಡೇ ಬಂದ. ಮುದುಕನ ಕಾಲುಗಳು ನೆಲದ ಮೇಲೆ ತೆವಳುತ್ತಿದ್ದವು. ಒಂದು ಚಪ್ಪಲಿ ಬಾಗಿಲಲ್ಲೇ ಉಳಿಯಿತು.

"ಡಾಕ್ಟ್ರಮ್ಮ, ಇವನಿಗೆ ಬುದ್ಧಿ ಬರೋಹಾಗೆ ಏನಾದ್ರೂ ಕೊಡಿ. ಮಲಗಿದ ಕಡೆನೇ ಒಂದು, ಎರಡು ಎಲ್ಲಾ ಮಾಡ್ಕೋತಾನೆ. ಬೇಕಂತಲೇ!"

ಮಗನದು ವೆಲ್ಡಿಂಗ್ ಅಂಗಡಿ. ಮುಂಗೈ ತುಂಬ ಕಿಡಿ ಸುಟ್ಟ ಚುಕ್ಕೆಗಳು. ಅಪ್ಪ ಕಲ್ಲುಗಣಿಯಲ್ಲಿ ಮೇಸ್ತ್ರಿಯಾಗಿದ್ದವನು. ಕೈಕೆಳಗಿನವರೆಲ್ಲ ಹುಲಿ ಅನ್ನುತ್ತಿದ್ದರಂತೆ. ಆ ಹುಲಿ ಈಗ ಮೂತ್ರದ ವಾಸನೆ ಹೊಡೆಯುತ್ತ, ಮಂಚದ ಅಂಚು ಹಿಡಿದು ನಡುಗುತ್ತಿತ್ತು.

ಅಂಗಿ ಎತ್ತಿದೆ. ಬೆನ್ನ ತುಂಬ ಬಾಸುಂಡೆ. ಹಳದಿಗೆ ತಿರುಗಿದ ಹಳೆಯವುಗಳ ಮೇಲೆ ನೀಲಿಗಟ್ಟಿದ ಹೊಸವು. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾರು ಹೊಡೆದದ್ದು?"

"ನಾನೇ," ಎಂದ ಮಗ, ಎದೆ ಸೆಟೆಸಿ. "ಚಿಕ್ಕವನಿದ್ದಾಗ ನಾನು ಹಾಸಿಗೆ ಒದ್ದೆ ಮಾಡಿದ್ರೆ ಇವನು ಬೆಲ್ಟ್ ಬಿಚ್ತಿದ್ದ. ನಮ್ಮನೇಲಿ ಇದಕ್ಕೆ ಅದೇ ಔಷಧಿ. ನನಗೆ ವಾಸಿ ಆಗ್ಲಿಲ್ವಾ?"

ಇಂಥವನ ಜೊತೆ ಮಾತು ಬೆಳೆಸಿ ಏನು ಫಲ? ಕೈಗೆ ಗ್ಲೌಸ್ ಹಾಕಿಕೊಂಡು, ಹಿಂದಿನಿಂದ ಬೆರಳು ಹಾಕಿ ನೋಡಬೇಕೆಂದು ಮುದುಕನಿಗೆ ಹೇಳಿದೆ. ಮಾತು ಮುಗಿಯುವ ಮುಂಚೆಯೇ ಅವನ ಮೊಣಕೈ ನನ್ನ ಬಾಯಿಗೆ ಬಡಿಯಿತು. ತುಟಿ ಸೀಳಿ ರಕ್ತ ಬಂತು.

ಮಗ ಹಾರಿ ಬಿದ್ದ. ಅಪ್ಪನ ಕೆನ್ನೆಗೆ ಫಟಾರನೆ ಬಾರಿಸಿ, ಅವನನ್ನು ಮಗ್ಗುಲಿಗೆ ಕೆಡವಿ, ಕತ್ತಿನ ಮೇಲೆ ಮೊಣಕಾಲು ಊರಿದ. ನಾನು ಅವನ ಕೂದಲು ಹಿಡಿದು ಜಗ್ಗಿದೆ. ಅವನು ನನ್ನನ್ನು ಗೋಡೆಗೆ ತಳ್ಳಿದ. ತಟ್ಟೆಯಲ್ಲಿದ್ದ ಸಾಮಾನೆಲ್ಲ ಚೆಲ್ಲಾಪಿಲ್ಲಿಯಾಯಿತು. ಕತ್ತರಿಯೊಂದು ಕೈಗೆ ಸಿಕ್ಕಿತು.

"ಮೊಣಕಾಲು ತೆಗಿ. ಇಲ್ಲಾಂದ್ರೆ ಇದನ್ನ ನಿನ್ನ ತೊಡೆಗೇ ಇಳಿಸ್ತೀನಿ."

ಇಳಿಸುತ್ತಿದ್ದೆ ಕೂಡ. ಅವನಿಗೂ ಅದು ಗೊತ್ತಾಗಿರಬೇಕು, ಎದ್ದು ಮೂಲೆಗೆ ಹೋಗಿ ನಿಂತ.

"ಯಜಮಾನ್ರೇ, ಒಂದೇ ನಿಮಿಷ. ಮಂಡಿ ಎದೆ ಕಡೆ ಮಡಚಿ," ಎಂದೆ. ಅವನ ಕೈಲಾಗಲಿಲ್ಲ, ನಾನೇ ಮಡಚಿದೆ.

ಆರೋಗ್ಯವಾಗಿರುವ ಗುದದ್ವಾರ ಬೆರಳನ್ನು ಬಿಗಿಯಾಗಿ ಹಿಡಿಯುತ್ತದೆ. ಇಲ್ಲಿ ಹಿಡಿತವೇ ಇರಲಿಲ್ಲ. "ಬಿಗಿ ಮಾಡಿ" ಎಂದೆ. ಮುದುಕ ಹಲ್ಲು ಕಚ್ಚಿ ಪ್ರಯತ್ನಪಟ್ಟ, ಏನೂ ಆಗಲಿಲ್ಲ. ಪ್ರಾಸ್ಟೇಟ್ ಗ್ರಂಥಿ ಹೆಬ್ಬೆರಳ ಬುಡದಷ್ಟು ಮೆತ್ತಗಿರಬೇಕು, ನಡುವೆ ಸಣ್ಣ ತಗ್ಗಿರಬೇಕು. ಇವನದು ಕಲ್ಲಾಗಿತ್ತು, ಮೇಲೆಲ್ಲ ಗಂಟು. ನಡುವಿನ ತಗ್ಗು ಸಿಗಲೇ ಇಲ್ಲ. ಆಮೇಲೆ ತೊಡೆಯ ಒಳಬದಿಗೆ ಸೂಜಿ ಚುಚ್ಚಿದೆ.

"ಚುಚ್ತಿರೋದು ಗೊತ್ತಾಗ್ತಿದೆಯಾ?"

"ಎಲ್ಲಿ ಚುಚ್ತಿದೀರ?" ಎಂದ ಮುದುಕ.

ನನ್ನ ಕೋಪ ಜರ್ರನೆ ಇಳಿದು, ಹೆದರಿಕೆ ಹತ್ತಿತು. ನರದ ಬಾವು ಇಳಿಸುವ ಇಂಜೆಕ್ಷನ್ ಕೊಟ್ಟು, ಆಂಬುಲೆನ್ಸಿಗೆ ಫೋನ್ ಮಾಡಿ, ಮಗನ ಎದುರು ಬಂದು ನಿಂತೆ.

"ಕ್ಯಾನ್ಸರ್ ಇದ್ದಹಾಗಿದೆ. ಬೆನ್ನುಮೂಳೆಗೆ ಹೋಗಿ ನರ ಅದುಮ್ತಿದೆ ಅನ್ಸತ್ತೆ. ಈಗ್ಲೇ ದೊಡ್ಡಾಸ್ಪತ್ರೆಗೆ ಸೇರಿಸಿದ್ರೆ ಕಾಲು ಉಳಿದ್ರೂ ಉಳೀಬಹುದು. ತಡ ಆದ್ರೆ ಮತ್ತೆ ನಡೆಯಲ್ಲ."

"ಮತ್ತೆ ಹಾಸಿಗೆ?"

"ಬಂದದ್ದೇ ಅವರಿಗೆ ಗೊತ್ತಾಗಲ್ಲ. ತಡಕೊಳ್ಳೋ ಶಕ್ತಿನೇ ಹೋಗಿದೆ."

"ಬೇಕಂತ... ಅಲ್ವಾ?"

"ಅಲ್ಲ."

ಅವನು ತನ್ನ ಅಂಗೈಗಳನ್ನೇ ನೋಡುತ್ತ ನಿಂತ. ಗೋಡೆಗೆ ತಲೆ ಚಚ್ಚಿಕೊಂಡ, ಮತ್ತೆ ಚಚ್ಚಿಕೊಂಡ. ನಾನು ತಡೆಯಲಿಲ್ಲ, ನನಗೆ ಆ ಹೊತ್ತಿಗೆ ಕನಿಕರ ಇರಲಿಲ್ಲ.

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಮಗ ಮುಖ ಒರೆಸಿಕೊಂಡು, ಅಪ್ಪನನ್ನು ಎತ್ತಿಕೊಳ್ಳಲು ಎರಡೂ ಕೈ ಚಾಚಿ ಮಂಚದ ಹತ್ತಿರ ಬಂದ. ಅಷ್ಟರಲ್ಲಿ ಮುದುಕನ ಕೆಳಗಿನ ಹಾಸು ಒದ್ದೆಯಾಗಿತ್ತು. ಮಗನ ಕಣ್ಣು ಅತ್ತ ಹೋದದ್ದನ್ನು ಮುದುಕ ನೋಡಿಬಿಟ್ಟ. ಎರಡೂ ಮೊಣಕೈಗಳಿಂದ ಮುಖ ಮುಚ್ಚಿಕೊಂಡು ಗೋಡೆಗೆ ಸರಿಯಲು ಒದ್ದಾಡಿದ.

"ಇನ್ಮೇಲೆ ಮಾಡಲ್ಲ ಕಣೋ," ಎಂದ, "ಸತ್ಯವಾಗ್ಲೂ ಮಾಡಲ್ಲ."