ಬಲು ಸಾಧು

ದನಗಳ ಪ್ರದರ್ಶನಕ್ಕೆಂದು ಕಟ್ಟಿದ ಆ ದೊಡ್ಡ ಶೆಡ್ಡಿನಲ್ಲಿ ಭಾನುವಾರ ಬೆಳಿಗ್ಗೆ ಹತ್ತಕ್ಕೆಲ್ಲ ಕಾಲಿಡಲು ಜಾಗವಿರಲಿಲ್ಲ. ಆರ್ಡಿತ್ ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಒಳಗೆ ಬಂದಳು. ಮರದ ಹೊಟ್ಟು, ಇಲಿ ಹಿಕ್ಕೆ, ಮೂಲೆಯಲ್ಲಿ ಬೇಯುತ್ತಿದ್ದ ಸಾಸೇಜು ಎಲ್ಲದರ ವಾಸನೆಯೂ ಕಲಸಿ ಗಂಟಲಿಗೆ ಬಂದು ಕೂತಿತು. ಸಾಲುಸಾಲು ಮೇಜುಗಳ ಮೇಲೆ ಹೋಟೆಲಿನವರು ಪಲ್ಯ ಕಟ್ಟಿಕೊಡುವಂಥ ಪ್ಲಾಸ್ಟಿಕ್ ಡಬ್ಬಿಗಳು, ಒಂದೊಂದರಲ್ಲೂ ಸುತ್ತಿಕೊಂಡ ಒಂದೊಂದು ಹಾವು. ಈ ಜನರ ಮನೆಯಲ್ಲಿ ಒಂದು ಲೋಟ ನೀರನ್ನಾದರೂ ಹೇಗೆ ಕುಡಿಯುವುದು ಎಂದುಕೊಂಡಳು.

ಅವಳು ಬಂದದ್ದು ತಮ್ಮನಿಗಾಗಿ. ವೆಂಡೆಲ್ ರೈಲ್ವೆ ಯಾರ್ಡಿನಿಂದ ನಿವೃತ್ತನಾಗಿ ಅವಳ ಮನೆಯ ಹಿಂದಿನ ಕೋಣೆ ಸೇರಿ ಎರಡು ವರ್ಷವಾಗಿತ್ತು. ಕುಡಿತವಿಲ್ಲ, ಇಸ್ಪೀಟಿಲ್ಲ. ಅವನಿಗಿದ್ದದ್ದು ಒಂದೇ ಆಸೆ, ಒಂದು ಕೇರೆಹಾವು ಸಾಕಬೇಕು. ಕಳೆದ ಸೆಪ್ಟೆಂಬರಿನಲ್ಲಿ ಇಂಥದೇ ಹಾವಿನ ಸಂತೆಯಿಂದ ಒಂದು ಕರಿಕೇರೆ ತಂದಿದ್ದ. "ಬಲು ಸಾಧು" ಎಂದು ಹೇಳಿ ಮಾರಿದ್ದರು. ಆ ಸಾಧು ಏಳು ವಾರದಲ್ಲಿ ತಿಂದದ್ದು ಒಂದೇ ಇಲಿ. ಅದನ್ನೂ ಮೂರನೆಯ ದಿನ ಅರ್ಧ ಕರಗಿಸಿ ಕಾರಿಕೊಂಡಿತು. ಆಮೇಲೆ ಸತ್ತಿತು. ಕಾರಿದ್ದನ್ನು ಬಳಿದವಳು ಆರ್ಡಿತ್. ಆ ನಾತ ನೆನೆದರೆ ಈಗಲೂ ಬಾಯಲ್ಲಿ ನೀರೂರಿ ಓಕರಿಕೆ ಬರುತ್ತಿತ್ತು. ಆದರೆ ಅರವತ್ತೆರಡರ ಗಂಡಸು ಎರಡು ದಿನ ಊಟ ಬಿಟ್ಟು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತದ್ದನ್ನೂ ಅವಳು ನೋಡಿದ್ದಳು.

"ಇದೊಂದ್ಸಲ ಆರ್ಡೀ," ಎಂದಿದ್ದ ಅವನು ಕಾರಿನಲ್ಲಿ. "ಇದೂ ಸತ್ರೆ ಗಾಜಿನ ಪೆಟ್ಟಿಗೆ ಯಾರಿಗಾದ್ರೂ ಕೊಟ್ಬಿಡ್ತೀನಿ. ಆಮೇಲೆ ಹಾವಿನ ಹೆಸರೇ ಎತ್ತಲ್ಲ."

ಮೊದಲ ಸಾಲಿನಲ್ಲೇ ಒಬ್ಬ ಗಡ್ಡದವನು ಕೈಬೀಸಿ ಕರೆದ. "ಬಾ ಗುರೂ! ಹೊಸಬನಾ? ಹಂಗಾದ್ರೆ ನಿಂಗೆ ಇದೇ ಸರಿ. ಮಗೂ ಕೈಲಿ ಕೊಟ್ರೂ ಅಲ್ಲಾಡಲ್ಲ. ಬಲು ಸಾಧು."

ನಾಲ್ಕಡಿಯ ಕರಿಕೇರೆಯೊಂದನ್ನು ಎತ್ತಿ ವೆಂಡೆಲನ ಅಂಗೈಗೆ ಇಟ್ಟ. ಅದು ಒದ್ದೆ ಹಗ್ಗದಂತೆ ಎರಡೂ ಬದಿಗೆ ಜೋತುಬಿದ್ದಿತು. ನಾಲಗೆಯನ್ನೂ ಹೊರಗೆ ಚಾಚಲಿಲ್ಲ. ವೆಂಡೆಲನ ಮುಖ ಅರಳಿತು.

"ನೋಡೇ, ಎಷ್ಟು ಸಮಾಧಾನ!"

ಆರ್ಡಿತ್ ಇಪ್ಪತ್ತಾರು ವರ್ಷ ಆಸ್ಪತ್ರೆಯ ಚಾದರ ಒಗೆದವಳು. ಉಣ್ಣುವವರ ಹಾಸಿಗೆಯಿಂದ ಗಲೀಜು ಬರುತ್ತದೆ, ಉಣ್ಣದವರ ಹಾಸಿಗೆಯಿಂದ ಏನೂ ಬರುವುದಿಲ್ಲ ಎಂಬುದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಇದು ಹೇಲೋದು ಯಾವಾಗ?"

"ಏನಂದ್ರಿ ಮೇಡಂ?"

"ಹೇಲು. ಡಬ್ಬಿ ಅಂಚೆಲ್ಲ ಜಿಡ್ಡು ಹಿಡ್ದಿದೆ, ಒಳಗಿನ ಕಾಗದ ಮಾತ್ರ ಮದುವೆಮನೆ ಮೇಜಿನ ಬಟ್ಟೆ ಥರ ಬೆಳ್ಳಗಿದೆ. ಇದು ಕೊನೇ ಸಲ ತಿಂದಿದ್ದು ಯಾವತ್ತು?"

"ಹಂದಿ ತಿಂದಂಗೆ ತಿನ್ನುತ್ತೆ ಮೇಡಂ."

"ಹೆಂಗೆ ಅಂತ ಕೇಳ್ಲಿಲ್ಲ. ಯಾವತ್ತು?"

"ಮೊನ್ನೆ... ಹೋದ ವಾರ ಇರ್ಬೇಕು." ಅವನು ಹಾವು ಹಿಡಿದ ಕೈಯಲ್ಲೇ ಮೂಗು ಒರೆಸಿಕೊಂಡು, ಅದೇ ಕೈಯಲ್ಲಿ ಡೋನಟ್ ಎತ್ತಿ ಕಚ್ಚಿದ. ಆರ್ಡಿತ್ ಮುಖ ತಿರುಗಿಸಿದಳು.

ಆದರೂ ಮತ್ತೆ ಬಗ್ಗಿದಳು. ಹಾವಿನ ಚರ್ಮ ದೊಗಳೆ ಕಾಲುಚೀಲದಂತೆ ಮಡಿಕೆಮಡಿಕೆಯಾಗಿತ್ತು. ಬೆನ್ನ ಮೇಲೆ ಕಾಡಿನ ಪ್ರಾಣಿಗಳು ಕಚ್ಚಿದಂಥ ಹಳೆಯ ಗಾಯಗಳಿದ್ದವು. ಕಣ್ಣಿನ ಅಂಚಿನಲ್ಲಿ ಸಾಸಿವೆಗಿಂತ ಸಣ್ಣ ಕರಿಚುಕ್ಕೆಗಳು. ಅವು ಹರಿದಾಡುತ್ತಿದ್ದವು. ಒಂದು ಆಗಲೇ ವೆಂಡೆಲನ ಹೆಬ್ಬೆರಳಿಗೆ ಹತ್ತಿತ್ತು.

"ನುಸಿ! ಕೆಳಗಿಡೋ!"

"ಪಾಪ ಕಣೇ. ಇಲ್ಲೇ ಬಿಟ್ಟು ಹೋದ್ರೆ ಸತ್ತೇ ಹೋಗುತ್ತೆ."

"ನೀನು ಕೊಂಡ್ರೆ ಇವನು ಚಳಿ ಮುಗಿದ ಕೂಡ್ಲೇ ಕಾಡಿಗೆ ಹೋಗಿ ಇನ್ನೊಂದನ್ನ ಹಿಡ್ಕೊಂಡು ಬರ್ತಾನೆ. ಇಡು."

ಗಡ್ಡದವನು ನಕ್ಕ. "ಹೆಂಡ್ತಿ ಮಾತು ಕೇಳಿ ಹಾವು ತಗೊಳ್ಳೋನು ಬೆಕ್ಕು ಸಾಕ್ಕೋಬೇಕು ಗುರೂ."

"ಹೆಂಡ್ತಿಯಲ್ಲ, ಅಕ್ಕ," ಎಂದ ವೆಂಡೆಲ್. "ಇನ್ನೂ ಕಷ್ಟ."

ಕೊನೆಯ ಸಾಲಿನಲ್ಲಿ, ಶೌಚಾಲಯದ ಬಾಗಿಲ ಪಕ್ಕ, ಗಿರಾಕಿಗಳಿಲ್ಲದ ಒಂದು ಮೇಜಿತ್ತು. ಅದರ ಹಿಂದೆ ಚೌಕಳಿ ಅಂಗಿಯ ಮುದುಕಿಯೊಬ್ಬಳು ಕೂತಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ನೆಟ್ಟಿ ಎಂದು ಹೆಸರಿತ್ತು. ವೆಂಡೆಲ್ ಕೈ ಚಾಚುತ್ತಲೇ ಅವಳು ಡಬ್ಬಿಯನ್ನು ಹಿಂದಕ್ಕೆ ಎಳೆದುಕೊಂಡು ಸ್ಪಿರಿಟ್ಟಿನ ಬಾಟಲಿಯನ್ನು ಮುಂದೆ ತಳ್ಳಿದಳು.

"ಮೊದ್ಲು ಕೈ ಉಜ್ಜಪ್ಪ. ಆ ಗಡ್ಡದೋನ ಹತ್ರದಿಂದ ಬಂದ್ಯಾ? ಹಂಗಾದ್ರೆ ಎರಡ್ಸಲ ಉಜ್ಜು, ಮೊಣಕೈವರೆಗೆ."

ಡಬ್ಬಿಯಲ್ಲಿದ್ದದ್ದು ಒಂದೂವರೆ ವರ್ಷದ ಹಾವು. ಮರಿಯ ಬೂದುಬಣ್ಣ ಇನ್ನೂ ಪೂರ್ತಿ ಕಪ್ಪಾಗಿರಲಿಲ್ಲ. ಅದರ ಕಾಗದ ನೋಡಿದ ಆರ್ಡಿತ್ ಕರವಸ್ತ್ರ ಹುಡುಕಿದಳು. ಕರ್ರಗಿನ ಹೇಲು, ಅದರ ತುದಿಗೆ ಸುಣ್ಣದಂಥ ಬಿಳಿ, ಮೈಗೆಲ್ಲ ಸವರಿಕೊಂಡು ಮಲಗಿತ್ತು ಆ ಪ್ರಾಣಿ.

"ದಾರೀಲಿ ಮಾಡ್ಕೊಳ್ತು," ಎಂದಳು ನೆಟ್ಟಿ. "ಬೆಳಿಗ್ಗೆಯಿಂದ ಒಬ್ರೂ ನಿಂತಿಲ್ಲ. ಜನಕ್ಕೆ ಡಬ್ಬಿ ಚೊಕ್ಕಟ ಇರ್ಬೇಕು, ಹೊಟ್ಟೆ ಖಾಲಿ ಇದ್ರೂ ಪರವಾಗಿಲ್ಲ. ಇದು ಮಂಗಳವಾರ ತಿಂದಿದೆ. ಫ್ರೀಜರಿನ ಇಲಿ, ಬಿಸಿನೀರಲ್ಲಿ ಕರಗಿಸಿ ಕೊಟ್ಟಿದ್ದು. ತಗೋ ಚೀಟಿ, ಮೊಟ್ಟೆಯಿಂದ ಬಂದಾಗಿಂದ ಇವತ್ತಿನವರೆಗೆ ತಿಂದ ತಾರೀಕೆಲ್ಲ ಇದೆ."

ವೆಂಡೆಲ್ ಮುಚ್ಚಳ ತೆಗೆದು ಹಾವನ್ನು ಎತ್ತಿದ. ಅದು ಬಾಲವನ್ನು ಪಟಪಟ ಬಡಿಯಿತು, ಅವನ ಮಣಿಕಟ್ಟಿಗೆ ಬಿಗಿದುಕೊಂಡಿತು, ಮರುಕ್ಷಣ ಹಿಂಭಾಗದಿಂದ ಹಳದಿ ದ್ರವವೊಂದನ್ನು ಅವನ ತೋಳಿಗೂ ಆರ್ಡಿತಳ ಕೋಟಿಗೂ ಚಿಮ್ಮಿಸಿತು. ಕೊಳೆತ ಮೊಟ್ಟೆ, ಒದ್ದೆ ನಾಯಿ, ಸುಟ್ಟ ರಬ್ಬರು, ಎಲ್ಲ ಸೇರಿದ ನಾತ. ಆರ್ಡಿತ್ ಮೇಜು ಹಿಡಿದುಕೊಂಡು ಎರಡು ಸಲ ಓಕರಿಸಿದಳು.

ವೆಂಡೆಲ್ ಗಾಬರಿಯಿಂದ ಹಾವನ್ನು ಡಬ್ಬಿಗೆ ಹಾಕಿಬಿಟ್ಟ. "ಬೇಡ ಕಣೇ. ಇದನ್ನ ನಿನ್ನ ಮನೆಗೆ ತರೋಕಾಗಲ್ಲ. ಅದೇ ವಾಸಿ, ಪಾಪ, ಸಾಧು."

ಹೌದು ಎಂದುಬಿಡಬಹುದಿತ್ತು. ಒಂದೇ ತಿಂಗಳು, ಅದು ಸಾಯುತ್ತದೆ, ಪೆಟ್ಟಿಗೆ ಹೋಗುತ್ತದೆ, ಮನೆ ಮತ್ತೆ ಮನೆಯಾಗುತ್ತದೆ. ಆ ಯೋಚನೆ ಬಂದದ್ದಕ್ಕೆ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು.

"ಅದು ಸಾಧು ಅಲ್ಲ ಕಣೋ. ಅದಕ್ಕೆ ಶಕ್ತಿ ಇಲ್ಲ. ಹೋದ ಸಲದ್ದಕ್ಕೂ ಇರ್ಲಿಲ್ಲ."

"ದಿನಾ ಸಂಜೆ ಮಡಿಲಲ್ಲಿ ಹಾಕ್ಕೊಂಡು ಟಿವಿ ನೋಡ್ತಿದ್ದೆ," ಎಂದ ವೆಂಡೆಲ್. "ನನ್ನ ಕಂಡ್ರೆ ಇಷ್ಟ ಅಂದ್ಕೊಂಡಿದ್ದೆ."

"ದಿನಾ?" ಎಂದಳು ನೆಟ್ಟಿ. "ತಿಂದ ದಿನಾನೂ?"

ಅವನು ಹೌದೆಂದು ತಲೆಯಾಡಿಸಿದ.

ನೆಟ್ಟಿ ಬೈಯಲಿಲ್ಲ. ಚೀಟಿಯ ಹಿಂಬದಿಗೆ ದಪ್ಪಕ್ಷರದಲ್ಲಿ ಬರೆಯುತ್ತಾ ಹೇಳಿದಳು. "ಮೂರು ಸಲ ತಿನ್ನೋವರೆಗೆ ಮುಟ್ಟಬೇಡ. ಆಮೇಲೂ ತಿಂದ ಎರಡು ದಿನ ಮುಟ್ಟಬೇಡ, ಮುಟ್ಟಿದ್ರೆ ತಿಂದಿದ್ದನ್ನ ಕಾರ್ಕೊಳ್ಳುತ್ತೆ. ಅದಕ್ಕೆ ನಿನ್ನ ಮುದ್ದು ಬೇಕಾಗಿಲ್ಲ ಮಾರಾಯ. ಆಗುತ್ತಾ ನಿನ್ ಕೈಲಿ?"

ವೆಂಡೆಲ್ ಅಕ್ಕನ ಮುಖ ನೋಡಿದ.

"ಇದನ್ನೇ ಕೊಡಿ," ಎಂದಳು ಆರ್ಡಿತ್, ಬಾಯಲ್ಲಿ ಉಸಿರಾಡುತ್ತಾ. "ನಾನಂತೂ ಹತ್ತಿರ ಸುಳಿಯಲ್ಲ. ನೋಡಿದ್ರೆ ಮೈ ಜುಮ್ಮನ್ನುತ್ತೆ."

"ಕಾರಲ್ಲಿ ಹೀಟರ್ ಹಾಕ್ಕೊಳ್ಳಿ," ಎಂದಳು ನೆಟ್ಟಿ. "ಕಿಟಕಿ ತೆಗೀಬೇಡಿ. ಫೆಬ್ರವರಿ ಚಳಿಗೆ ತಡೆಯಲ್ಲ."

ಮನೆಗೆ ಒಂದು ಗಂಟೆಯ ದಾರಿ. ಶೌಚಾಲಯದ ಸೋಪಿನಿಂದ ಇಬ್ಬರೂ ಎಷ್ಟು ತೊಳೆದರೂ ನಾತ ಹೋಗಿರಲಿಲ್ಲ. ಹೀಟರಿನ ಬಿಸಿಗೆ ಅದು ಮತ್ತಷ್ಟು ಏರಿತು. ಆರ್ಡಿತಳ ಕೈ ಕಿಟಕಿಯ ಗುಂಡಿಯವರೆಗೆ ಹೋಗಿ, ಸ್ಟೀರಿಂಗಿಗೆ ವಾಪಸು ಬಂತು. ವೆಂಡೆಲನ ಮಡಿಲಲ್ಲಿದ್ದ ಡಬ್ಬಿಯೊಳಗೆ ಏನೋ ಸರಸರ ಹರಿಯಿತು. ಅವನ ಬೆರಳು ಮುಚ್ಚಳದ ಅಂಚಿಗೆ ಹೋಯಿತು.

"ಒಂದ್ನಿಮಿಷ ನಿಲ್ಸು," ಎಂದ.

ಅವಳು ರಸ್ತೆ ಬದಿಗೆ ನಿಲ್ಲಿಸಿದಳು. ಅವನು ಇಳಿದು, ಡಬ್ಬಿಯನ್ನು ಹಿಂದಿನ ಸೀಟಿನ ಮೇಲಿಟ್ಟು, ಅಲುಗದಂತೆ ಬೆಲ್ಟು ಬಿಗಿದ. ಮತ್ತೆ ಮುಂದೆ ಬಂದು ಬಾಗಿಲು ಹಾಕಿಕೊಂಡ. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಎದುರಿನ ರಸ್ತೆಯನ್ನೇ ನೋಡುತ್ತಾ ಕೂತ.