ವಾಸಂತಿಯ ಎರಡನೇ ಲೋಟ

ಮೈಲಾಪೂರಿನ ಆ ವಿಮಾ ಕಚೇರಿ ಒಂದು ಕಾಲಕ್ಕೆ ಯಾರದೋ ದೊಡ್ಡ ಮನೆ. ಕಡಿದಾದ ಮೆಟ್ಟಿಲು, ಎತ್ತರದ ಜಗಲಿ, ಆಮೇಲೆ ದಪ್ಪನೆಯ ತೇಗದ ಹೊಸ್ತಿಲು. ಆಡಳಿತಾಧಿಕಾರಿ ಕಮಲಾಕರನಿಗೆ ಆ ಹೊಸ್ತಿಲೆಂದರೆ ಪ್ರಾಣ. ಕಚೇರಿ ಗುಡಿಸಿ ಕಾಫಿ ಕಾಯಿಸುವ ಪ್ರೇಮಮ್ಮ ಶುಕ್ರವಾರ ಅದಕ್ಕೆ ಅರಿಶಿನ ಕುಂಕುಮ ಇಡುವುದು ಚೂರು ತಡವಾದರೂ ಗೊಣಗುತ್ತಿದ್ದ.

ಕ್ಲೇಮು ವಿಭಾಗದ ವಾಸಂತಿ ಬೆನ್ನುಮೂಳೆಯ ಆಪರೇಷನ್ ಆದಮೇಲೆ ಗಾಲಿಕುರ್ಚಿಯಲ್ಲಿ ಕೆಲಸಕ್ಕೆ ಮರಳುತ್ತಾಳೆಂದು ಸುದ್ದಿ ಬಂತು. ಸತ್ತವರ ಮನೆಯವರು ಅಳುತ್ತ ಬಂದರೆ ಮೊದಲು ನೀರು ಕೊಟ್ಟು ಆಮೇಲೆ ಕಾಗದ ಕೇಳುವ ಹೆಂಗಸು ಅವಳು. ಎಲ್ಲರಿಗೂ ಖುಷಿಯೋ ಖುಷಿ. ಬಾಗಿಲಿಗೆ ಇಳಿಜಾರು ಮಾಡಿಸೋಣವೇ ಎಂದು ಯಾರೋ ಕೇಳಿದ್ದಕ್ಕೆ ಕಮಲಾಕರ ಎದೆಯುಬ್ಬಿಸಿದ.

"ಹೊಸ್ತಿಲು ಕೀಳೋದು ಅಂದ್ರೆ ಲಕ್ಷ್ಮೀನ ಆಚೆ ಕಳಿಸಿದ ಹಾಗೆ. ನಾವೆಲ್ಲ ಇಲ್ವಾ? ಹೂವಿನ ಥರ ಎತ್ತಿ ಒಳಗಿಡ್ತೀವಿ."

ಹಾಗೇ ಎತ್ತಿದರು, ದಿನಾ ಎತ್ತಿದರು. "ಅಡ್ಡಪಲ್ಲಕ್ಕಿ ಬಂತು, ದಾರಿ ಬಿಡಿ" ಎಂದು ಕಮಲಾಕರ ತಮಾಷೆ ಮಾಡುತ್ತಿದ್ದ. ವಾಸಂತಿ ನಗುತ್ತಿದ್ದಳು. ನಗುವಾಗಲೂ ಅವಳ ಕೈಗಳು ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದಿರುತ್ತಿದ್ದವು. ಅದು ಈ ಮಹಾಶಯನ ಕಣ್ಣಿಗೆ ಎಲ್ಲಿ ಬೀಳಬೇಕು! ಹೊತ್ತ ಹೆಮ್ಮೆಯಲ್ಲೇ ಮುಳುಗಿಹೋಗಿದ್ದ.

ಕಣ್ಣಿಗೆ ಬಿದ್ದದ್ದು ಕಾಫಿ. ಮೊದಲೆಲ್ಲ ವಾಸಂತಿ ಒಂದು ಲೋಟ ಮುಗಿಸಿ, "ಪ್ರೇಮಮ್ಮ, ಇನ್ನೊಂಚೂರು" ಎನ್ನದೆ ಬಿಟ್ಟ ದಿನವಿಲ್ಲ. ಈಗ ಮೊದಲನೆಯದೇ ಕೆನೆಗಟ್ಟಿ ಆರಿಹೋಗುತ್ತಿತ್ತು. ಕಮಲಾಕರ ಪ್ರೇಮಮ್ಮನ ಮೇಲೆ ಹರಿಹಾಯ್ದ.

"ಡಿಕಾಕ್ಷನ್ನೂ ಅದೇ, ಹಾಲೂ ಅದೇ ಸಾರ್. ನಾನೇನ್ ಮಾಡ್ಲಿ?" ಎಂದಳು ಅವಳು.

ಆ ವಾರವೇ ವಾಸಂತಿ ಅವನ ಮೇಜಿನ ಹತ್ತಿರ ಬಂದಳು. "ಸಾರ್, ವಿಆರ್‌ಎಸ್ ತಗೊಂಡು ಮನೇಲಿರ್ತೀನಿ."

"ಯಾಕಮ್ಮಾ? ಯಾರಾದ್ರೂ ಏನಾದ್ರೂ ಅಂದ್ರಾ?"

"ಯಾರೂ ಏನೂ ಅನ್ಲಿಲ್ಲ. ಎಲ್ಲರೂ ತುಂಬಾ ಒಳ್ಳೆಯವರು, ಅದೇ ಕಷ್ಟ." ವಾಸಂತಿ ದನಿ ತಗ್ಗಿಸಿದಳು. "ನಾನು ಕಾಫಿ ಯಾಕೆ ಕುಡಿಯಲ್ಲ ಗೊತ್ತಾ? ಕುಡಿದ್ರೆ ಬಾತ್‌ರೂಮಿಗೆ ಹೋಗ್ಬೇಕು. ಅದು ಹಿತ್ತಲ ಮೆಟ್ಟಿಲಿಳಿದು. ಆ ಬಾಗಿಲಲ್ಲಿ ಈ ಕುರ್ಚಿ ತೂರಲ್ಲ. ಅದಕ್ಕೂ ನಿಮ್ಮನ್ನೆಲ್ಲ ಕರೀಲಾ? ಬೆಳಿಗ್ಗೆಯಿಂದ ಬಾಯಿಗೆ ನೀರೂ ಹಾಕಲ್ಲ. ನಂಗೆ ಕೆಲಸ ಬೇಕು ಸಾರ್. ಆದ್ರೆ ಹೀಗಲ್ಲ."

ಕಮಲಾಕರನಿಗೆ ತಲೆ ಎತ್ತಲಾಗದಷ್ಟು ನಾಚಿಕೆಯಾಯಿತು. ಬಂದವರಿಗೆಲ್ಲ ನೀರು ಕೊಡುವವಳ ಗಂಟಲು ತನ್ನ ಕಣ್ಣೆದುರೇ ಒಣಗಿತ್ತು, ತಾನು ಪಲ್ಲಕ್ಕಿ ಎನ್ನುತ್ತಾ ಕುಣಿಯುತ್ತಿದ್ದ.

"ಅರ್ಜಿ ಕೊಡ್ಬೇಡ ಕಣಮ್ಮಾ. ಸ್ವಲ್ಪ ದಿನ ರಜೆ ಹಾಕು, ಸಾಕು."

ಫೈಲುಗಳನ್ನು ವರ್ಷಗಟ್ಟಲೆ ಮಲಗಿಸುವುದರಲ್ಲಿ ಪಳಗಿದ ಕಮಲಾಕರ ಈ ಸಲ ಗಿಂಡಿ ಬಡಾವಣೆಯಲ್ಲಿದ್ದ ದೊಡ್ಡ ಕಚೇರಿಗೆ ಎಡತಾಕಿ ಎಂಜಿನಿಯರರ ಜೀವ ತಿಂದ. ಒಬ್ಬರಿಗೋಸ್ಕರ ಇಷ್ಟೆಲ್ಲ ಯಾಕೆ ಎಂದು ಅವರು ಕೇಳಿದಾಗ, "ನನ್ನ ಮಂಡಿಗಳನ್ನೂ ಲೆಕ್ಕಕ್ಕೆ ತಗೊಳ್ಳಿ. ಪಾಲಿಸಿಗೆ ಬರೋ ಮುದುಕರನ್ನೂ" ಎಂದ. ಇಳಿಜಾರು ಹಿಂಬದಿಗೆ ಸಾಕು ಎಂದಿದ್ದಕ್ಕೂ ಒಪ್ಪಲಿಲ್ಲ. ಎಲ್ಲರೂ ಬರುವ ಮುಂಬಾಗಿಲಿಗೇ ಆಗಬೇಕೆಂದು ಪಟ್ಟು ಹಿಡಿದು ಮಾಡಿಸಿದ. ಬಾತ್‌ರೂಮು ಒಳಗಿನ ನೆಲದ ಮಟ್ಟಕ್ಕೇ ಬಂತು, ಅಗಲವಾದ ಸರಿಯುವ ಬಾಗಿಲು, ಹಿಡಿದುಕೊಳ್ಳಲು ಕಂಬಿ. ಹೊಸ್ತಿಲನ್ನು ಮಾತ್ರ ತಾನೇ ಕೈಮುಗಿದು ಕೀಳಿಸಿ, ಬಾಗಿಲ ಪಕ್ಕದ ಗೋಡೆಗೆ ಕೈಗೆಟುಕುವಂತೆ ಕೂರಿಸಿದ. ಬಗ್ಗದೆ ಕುಂಕುಮ ಇಡಬಹುದಲ್ಲ ಎಂದು ಪ್ರೇಮಮ್ಮ ಹಿಗ್ಗಿದಳು.

ವಾಸಂತಿ ಬಂದ ಬೆಳಿಗ್ಗೆ ಕಮಲಾಕರ ಅಭ್ಯಾಸಬಲದಿಂದ ಬಾಗಿಲಿಗೆ ಓಡಿ, ಎತ್ತಲು ಕೈಚಾಚಿದ.

"ಸಾರ್, ಕೈ" ಎಂದಳು ವಾಸಂತಿ.

ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅವಳು ತಾನೇ ಗಾಲಿ ಉರುಳಿಸಿಕೊಂಡು ಮೇಲೆ ಬಂದಳು, ಗೋಡೆಯ ಹೊಸ್ತಿಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು, ಸೀದಾ ತನ್ನ ಮೇಜಿಗೆ ಹೋದಳು.

ಕಾಫಿ ಬಂದಾಗ ಎಲ್ಲರೂ ಫೈಲು ನೋಡುವ ನಾಟಕವಾಡಿದರು. ವಾಸಂತಿ ನಿಧಾನಕ್ಕೆ ಕುಡಿದು ಲೋಟ ಕೆಳಗಿಟ್ಟಳು.

"ಪ್ರೇಮಮ್ಮ, ಇನ್ನೊಂಚೂರು."

ಕಮಲಾಕರ ಕನ್ನಡಕ ತೆಗೆದು ಕಣ್ಣೊರೆಸಿಕೊಂಡ. ಆಮೇಲೆ, ಇವತ್ತು ಡಿಕಾಕ್ಷನ್ ಖಾರವಾಯಿತು, ಕಣ್ಣಲ್ಲೆಲ್ಲ ನೀರು ಎಂದು ಪ್ರೇಮಮ್ಮನನ್ನು ಗದರಿದ.