ನಲ್ಲಪ್ಪನ ಅಳತೆ

"ತಗ್ಗಿಸ್ರಪ್ಪಾ, ತಗ್ಗಿಸಿ! ಬಾಗಿಲು ಬಡೀತದೆ!"

ಹೆಗಲಿಗೇರಿಸಿದ್ದ ಚಟ್ಟವನ್ನು ನಾಲ್ವರೂ ಸೊಂಟದ ಮಟ್ಟಕ್ಕೆ ಇಳಿಸಿ ನಲ್ಲಪ್ಪನನ್ನು ಹೊಸ್ತಿಲು ದಾಟಿಸಿದರು. ಹಿಂದೆಯೇ ಅವನ ಹೆಂಡತಿ ಅಮ್ಮಾಜಮ್ಮ ಬಂದಳು. ಅಂಗಳದ ಅಂಚಿನಲ್ಲಿ ಒಂದು ಟೆಂಪೋ ಹಿಂಬಾಗಿಲು ತೆರೆದುಕೊಂಡು ನಿಂತಿತ್ತು. ಚಟ್ಟ ನೆಟ್ಟಗೆ ಅದರ ಕಡೆಗೇ ಹೊರಟಿತು.

"ನಿಲ್ಸಿ" ಎಂದಳು. ಯಾರೂ ಕೇಳಿಸಿಕೊಳ್ಳಲಿಲ್ಲ.

"ನಿಲ್ಲಿಸ್ರೋ ಅಂದೆ!"

ನಿಂತರು. ಬೆಳಗಿನಿಂದ ಸೆರಗನ್ನು ಬಾಯಿಗೊತ್ತಿಕೊಂಡು ಕೂತಿದ್ದ ಹೆಂಗಸಿಗೆ ಇಷ್ಟು ದೊಡ್ಡ ಗಂಟಲಿದೆಯೆಂದು ಯಾರೂ ಎಣಿಸಿರಲಿಲ್ಲ.

ನಲ್ಲಪ್ಪನ ತಮ್ಮ ನರಸಿಂಹಮೂರ್ತಿ ಟೆಂಪೋ ಬಳಿಯಿಂದ ಬಂದ. "ಅತ್ತಿಗೆ, ಹೊತ್ತಾಗ್ತದೆ. ಮುರುಗಮಲ್ಲ ದಾಟಿ ನಮ್ಮೂರು ಸೇರ್ಬೇಕು. ಜನ ಕಾಯ್ತಾವ್ರೆ, ಪೆಂಡಾಲ್ ಹಾಕ್ಸಿದ್ದೀನಿ."

"ಯಾರು ಹಾಕ್ಸು ಅಂದಿದ್ದು?"

"ಅನ್ನೋದೇನೈತೆ? ನಿಮ್ಮನೆ ಪದ್ಧತೀನೇ ಅಲ್ವಾ? ಅಳಿಯ ಸತ್ರೆ ಹುಟ್ಟಿದೂರಿಗೆ."

ಅದು ಸುಳ್ಳಲ್ಲ. ಮಂಡಿಕಲ್ ಸುತ್ತಿನಲ್ಲಿ ಅಮ್ಮಾಜಮ್ಮನ ಮನೆಯನ್ನು ಹೆಂಗಸರ ಮನೆ ಎಂದೇ ಕರೆಯುತ್ತಾರೆ. ಅಲ್ಲಿ ಹೆಣ್ಣುಮಕ್ಕಳು ಮದುವೆಯಾಗಿ ಹೊರಗೆ ಹೋಗುವುದಿಲ್ಲ; ಗಂಡಂದಿರೇ ಮನೆ ಅಳಿಯರಾಗಿ ಬರುತ್ತಾರೆ. ಗಡಿ ಕಡೆಯವರ ಬಾಯಲ್ಲಿ ಅವರು ಇಲ್ಲಟಂ. ಮನೆ, ಹಿಪ್ಪುನೇರಳೆ ತೋಟ, ರೇಷ್ಮೆ ಹುಳುಮನೆ ಎಲ್ಲವೂ ತಾಯಿಯಿಂದ ಮಗಳಿಗೆ. ತೋಟದ ಹೊಂಗೆಮರದ ಕೆಳಗೆ ಆ ಮನೆಯ ಹೆಂಗಸರನ್ನು ಸಾಲಾಗಿ ಮಣ್ಣು ಮಾಡಿದ್ದಾರೆ. ಆ ಸಾಲಿನಲ್ಲಿ ಒಬ್ಬ ಗಂಡಸೂ ಇಲ್ಲ. ಜೀವಮಾನವೆಲ್ಲ ದುಡಿದ ಅಳಿಯ ಸತ್ತ ದಿನ ಗಾಡಿ ಏರಿ ವಾಪಸು ಹೋಗುತ್ತಾನೆ.

"ಬದುಕಿದ್ದಾಗ ಒಂದು ದಿನ 'ಬಾರಣ್ಣ' ಅಂದ್ಯಾ?" ಅಮ್ಮಾಜಮ್ಮ ಮೆಟ್ಟಿಲಿಳಿದು ಬಂದಳು. "ನಿನ್ ಮಗಳ ಮದ್ವೇಲಿ, ಅಷ್ಟು ಜನದ ಎದುರಿಗೆ, 'ಹೆಂಡ್ತೀನ ಕೇಳ್ಕೊಂಡು ಎಲೆ ಮುಂದೆ ಕೂತ್ಕೋ' ಅಂದೋನು ನೀನೇ ಅಲ್ವೇನೋ? ಉಣ್ಣದೆ ಎದ್ದು ಬಂದ್ರು ಅವ್ರು."

"ತಮಾಷೆಗಂದಿದ್ದು ಅತ್ತಿಗೆ..."

"ತಮಾಷೆ! ಸತ್ತ ಮೇಲೆ ನಿಮ್ ವಂಶದ ಗಂಡಸಾಗೋದ್ರಾ?"

ಜಗಲಿಯ ಮೇಲಿಂದ ಊರುಗೋಲು ನೆಲ ಕುಟ್ಟಿತು. ಅಮ್ಮಾಜಮ್ಮನ ತಾಯಿಯ ತಂಗಿ ಮುನಿಶಾಮಮ್ಮ, ಈಗ ಆ ಮನೆಗೆ ಹಿರಿಯಳು. ಬೀಗದ ಕೈ ಗೊಂಚಲು ಇನ್ನೂ ಅವಳ ಸೊಂಟದಲ್ಲೇ ಇತ್ತು.

"ಅಮ್ಮಾಜಿ, ಕಳಿಸ್ಕೊಡೇ. ನಿಮ್ ಚಿಕ್ಕಪ್ಪ ಸತ್ತಾಗ ನಾನೂ ನನ್ ಗಂಡನ್ನ ಕಳಿಸ್ಲಿಲ್ವಾ? ಸಾಲಿನಾಗೆ ಗಂಡಸಿಗೆ ಜಾಗ ಇಲ್ಲ. ಅಲ್ಲಿರೋ ಮುಂದಿನ ಜಾಗ ನಂದು."

ನೆರೆದವರು ತಲೆಯಾಡಿಸಿದರು. ಚಟ್ಟ ಹೊತ್ತವರು ಮತ್ತೆ ಹೆಜ್ಜೆ ಎತ್ತಿದರು. ಆಗ ಸೊಪ್ಪಿನ ಟ್ರಾಕ್ಟರೊಂದು ಗಡಗಡ ಎನ್ನುತ್ತ ಬಂದು, ಟೆಂಪೋ ಮುಂದೆ, ಓಣಿಗೆ ಅಡ್ಡಲಾಗಿ ನಿಂತು ಆರಿಹೋಯಿತು. ಓಡಿಸುತ್ತಿದ್ದವನು ಅಮ್ಮಾಜಮ್ಮನ ಮಗಳು ಗೌತಮಿಯ ಗಂಡ ವೇಣು. ಅವನೂ ಮನೆ ಅಳಿಯನೇ.

"ತೆಗಿಯಯ್ಯಾ ಅದನ್ನ!" ನರಸಿಂಹಮೂರ್ತಿ ಕೂಗಿದ.

"ಕೆಟ್ಟೋಯ್ತು" ಎನ್ನುತ್ತ ವೇಣು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡ.

*

ಪ್ರತಿ ಮಹಾಲಯ ಅಮಾವಾಸ್ಯೆಗೆ ನಲ್ಲಪ್ಪ ಮೊದಲ ಬಸ್ಸಿಗೇ ಹೊರಟುಬಿಡುತ್ತಿದ್ದ. ಶಿಡ್ಲಘಟ್ಟಕ್ಕೆ, ಚಂದ್ರಿಕೆ ನೋಡಿಕೊಂಡು ಬರ್ತೀನಿ ಎನ್ನುತ್ತಿದ್ದ. ಹುಳು ಗೂಡು ಕಟ್ಟುವ ಆ ಬಿದಿರಿನ ತಟ್ಟೆ ಒಂದಾದರೂ ಅವನ ಜೊತೆ ಬಂದದ್ದಿಲ್ಲ. ಮರಳಿದಾಗ ಮುಂಗೈ ತುಂಬ ಮುಳ್ಳಿನ ಗೀರು, ಉಗುರಿನಲ್ಲಿ ಕರಿಮಣ್ಣು.

ಒಂದು ವರ್ಷ ಅಮ್ಮಾಜಮ್ಮ ಬಿಡಲಿಲ್ಲ. ನೀರಿನ ಚೊಂಬು ಕೊಡದೆ ಬಚ್ಚಲ ಬಾಗಿಲಲ್ಲಿ ಅಡ್ಡ ನಿಂತಳು.

"ಗೌರಿಬಿದನೂರು ಕಡೆ ಹೋಗಿದ್ದೆ" ಎಂದ, ಸಿಕ್ಕಿಬಿದ್ದ ಕಳ್ಳನ ಹಾಗೆ. "ಚಿಕ್ಕಪ್ಪನ್ನ ಮಣ್ಣು ಮಾಡಿದ ಗುಡ್ಡೆ ಹತ್ರ. ಅವ್ರ ಕಡೆಯೋರು ಅದರ ಮೇಲೇ ತಿಪ್ಪೆ ಹಾಕ್ತಾರೆ ಕಣೇ. ಎತ್ತಿ ಹಾಕಿ ಒಂದು ದೀಪ ಇಟ್ಟು ಬರ್ತೀನಿ. ಮುಂದಿನ ಸಲಕ್ಕೆ ಮತ್ತೆ ತಿಪ್ಪೆ."

"ನಿಮಗ್ಯಾಕೆ ಆ ಉಸಾಬರಿ?"

"ಒಬ್ಬ ಮನೆ ಅಳಿಯಂಗೆ ಇನ್ನೊಬ್ಬ ಅಳಿಯ ಆಗ್ದೆ ಇನ್ಯಾರಾಗ್ತಾರೆ? ಚಿಕ್ಕಮ್ಮಂಗೆ ಹೇಳ್ಬೇಡ. ಗಂಡ ತಿಪ್ಪೆ ಕೆಳಗವ್ನೆ ಅಂದ್ರೆ ಆ ಜೀವ ನಿದ್ದೆ ಮಾಡಲ್ಲ." ಆಮೇಲೆ ನಗುತ್ತ, "ನನ್ ಪಾಲಿಗೆ ವೇಣು ಬರ್ತಾನೇನೋ" ಎಂದ.

"ಸಾಯೋ ಮಾತು ಬಿಟ್ಟು ಕೈ ತೊಳ್ಕಳಿ" ಎಂದು ಗದರಿ ಅವಳು ಚೊಂಬು ಕೈಗಿಟ್ಟಿದ್ದಳು. ಅಡಿಗೆಮನೆಗೆ ಬರುವಾಗ ಆ ಎತ್ತರದ ಮನುಷ್ಯ ಎಂದಿನಂತೆ ಬಾಗಿಲಲ್ಲಿ ಬೆನ್ನು ಬಗ್ಗಿಸಿದ. ಆ ಮನೆಯ ಬಾಗಿಲುಗಳೆಲ್ಲ ಹೆಂಗಸರ ಎತ್ತರಕ್ಕೇ ಇಟ್ಟವು.

*

"ಕಳಿಸ್ದೆ ಅಂದ್ಯಲ್ಲಾ ಚಿಕ್ಕಮ್ಮ." ಅಮ್ಮಾಜಮ್ಮ ಜಗಲಿಯತ್ತ ತಿರುಗಿದಳು. "ಕಳಿಸಿದ್ದು ಎಲ್ಲಿಗೆ ಅಂತ ಒಂದಿನಾದ್ರೂ ಹೋಗಿ ನೋಡ್ದ್ಯಾ?"

"ಪದ್ಧತಿ ಕಣೇ..."

"ನಿನ್ ಗಂಡ ತಿಪ್ಪೆ ಕೆಳಗವ್ನೆ! ಹೂಂ, ತಿಪ್ಪೆ! ವರ್ಷವರ್ಷ ಅದನ್ನ ಕೈಯಾರೆ ಬಾಚಿ ದೀಪ ಇಟ್ಟೋರು ಯಾರು ಗೊತ್ತಾ? ಇಲ್ಲಿ ಮಲಗವ್ರಲ್ಲ, ಇವ್ರು. ನಿಂಗೆ ಹೇಳ್ಬೇಡ ಅಂದಿದ್ರು. ಇವ್ರನ್ನ ಬಾಚೋಕೆ ಯಾರನ್ನ ಕಳಿಸ್ತೀಯಾ? ವೇಣೂನಾ?"

ಮುನಿಶಾಮಮ್ಮನ ಕೈ ಸೊಂಟದ ಗೊಂಚಲನ್ನು ಹುಡುಕಿ ಹಿಡಿದುಕೊಂಡಿತು.

ಅಮ್ಮಾಜಮ್ಮ ಗೋಡೆಗೊರಗಿದ್ದ ಗುದ್ದಲಿ ಎತ್ತಿಕೊಂಡು ತೋಟದ ಕಡೆ ನಡೆದಳು. ವೇಣು ಹಾರೆ ಹಿಡಿದು ಹಿಂದೆ ಹೋದ. ಹುಳುಮನೆಯೊಳಗಿಂದ ಸೊಪ್ಪು ಮೇಯುವ ಸದ್ದು ಬರುತ್ತಿತ್ತು. ಸೂತಕದವರು ಒಳಗೆ ಹೋಗುವಂತಿಲ್ಲವೆಂದು, ಯಾರೂ ಕರೆಯದೆ, ಪಕ್ಕದ ಮನೆಯ ತನುಜ ಬೆಳಗಿನಿಂದ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು.

ಹೊಂಗೆಯ ಕೆಳಗೆ, ಸಾಲಿನ ಮುಂದಿನ ಜಾಗದಲ್ಲಿ, ವೇಣು ಪಕ್ಕದ ಗುಡ್ಡೆಯ ಕಲ್ಲುಗಳನ್ನೇ ಅಳತೆ ಮಾಡಿಕೊಂಡು ಅಗೆದ. ಅಮ್ಮಾಜಮ್ಮ ಮಣ್ಣೆಳೆದಳು. "ನೀವು ಬಿಡಿ ಅತ್ತೆ" ಎಂದ ಅವನನ್ನು ಅವಳು ನೋಡಿದ ನೋಟಕ್ಕೆ ಅವನು ಮತ್ತೆ ಹಾರೆ ಎತ್ತಿದ. ಗೌತಮಿ ಹೇಳಿದ್ದಕ್ಕೋ, ನಾಚಿಕೆಗೋ, ಚಟ್ಟ ಹೊತ್ತವರು ತೋಟಕ್ಕೆ ಬಂದರು.

ಇಳಿಸಿದಾಗ ಗುಂಡಿ ಸಾಲಲಿಲ್ಲ. ಹೆಂಗಸರ ಅಳತೆಗೆ ತೋಡಿದ ಗುಂಡಿ. ನಲ್ಲಪ್ಪನ ಪಾದಗಳು ಅಂಚಿನ ಮಣ್ಣಿಗೆ ತಗುಲಿ ನಿಂತವು.

ನರಸಿಂಹಮೂರ್ತಿ ದೂರದಿಂದಲೇ ನಕ್ಕ. "ನಿಮ್ ಹಿರೇರೇ ಹೇಳ್ಲಿಲ್ವಾ? ಜಾಗ ಇಲ್ಲ ಅಲ್ಲಿ."

"ಒಂಚೂರು ಮಂಡಿ ಮಡಿಸಿ, ಆಗ್ತದೆ" ಎಂದರು ಹೊತ್ತವರಲ್ಲೊಬ್ಬರು.

"ಮಡಿಸ್ಬೇಡ್ರೋ!"

ಎಲ್ಲರೂ ತಿರುಗಿದರು. ಮುನಿಶಾಮಮ್ಮ ಒಬ್ಬಳೇ ಬದುವಿನ ಮೇಲೆ ಏದುಸಿರು ಬಿಡುತ್ತ ನಿಂತಿದ್ದಳು. ಯಾರ ಮುಖವನ್ನೂ ನೋಡದೆ ಗುಂಡಿಯ ತುದಿಗೆ ಬಂದಳು. ಅಲ್ಲಿಂದಾಚೆಗೆ ಹಿಪ್ಪುನೇರಳೆಯ ಸಾಲು. ಎರಡು ಗಿಡ ಬಿಟ್ಟು ಊರುಗೋಲನ್ನು ಮಣ್ಣಿನಲ್ಲಿ ನೆಟ್ಟಳು.

"ಮೇಲೆತ್ತಿ ಅವ್ನನ್ನ. ಇಲ್ಲೀಗಂಟ ಅಗೀರಿ."

"ಗಿಡ ಹೋಯ್ತವೆ ಅಜ್ಜಿ" ಎಂದ ವೇಣು.

"ಹೋಗ್ಲಿ."

ಅಮ್ಮಾಜಮ್ಮ ಗುದ್ದಲಿ ಎತ್ತಿದಳು. ಬೇರು ಗಟ್ಟಿಯಿತ್ತು, ಒಂದೊಂದು ಏಟಿಗೂ ಹಲ್ಲು ಕಚ್ಚಿದಳು. ಕಿತ್ತು ಬಿದ್ದ ಗಿಡಗಳ ಸೊಪ್ಪನ್ನು ಮುನಿಶಾಮಮ್ಮ ಕೂತಲ್ಲೇ ಬಿಡಿಸಿ ಮಡಿಲಿಗೆ ತುಂಬಿಕೊಂಡಳು, ಹುಳುಗಳಿಗೆಂದು. ದೂರದಲ್ಲಿ ನರಸಿಂಹಮೂರ್ತಿ ಪೆಂಡಾಲಿನವನಿಗೆ ಫೋನು ಮಾಡುತ್ತಿದ್ದ.

ಮತ್ತೆ ಇಳಿಸಿದರು. ನಲ್ಲಪ್ಪ ನೆಟ್ಟಗೆ ಮಲಗಿದ. ಅವನ ಪಾದಗಳಾಚೆಗೆ ಇನ್ನೂ ಒಂದು ಗೇಣು ಜಾಗ ಉಳಿದಿತ್ತು.